ಸಣ್ಣ ತೂತಿನ ಸದ್ದು

ನನ್ನ ಕೆಲಸ ಉಸಿರು ಕತ್ತರಿಸುವುದು. ಹೊಸಹಳ್ಳಿ ಮೆಟ್ರೊ ನಿಲ್ದಾಣದ ಹಿಂದಿನ ರಸ್ತೆಯಲ್ಲಿ, ಬೇಕರಿಯ ಮೇಲಿನ ಮಹಡಿಯಲ್ಲಿ ಒಂದು ಪುಟ್ಟ ಸ್ಟುಡಿಯೊ ಇದೆ. ತರಕಾರಿ ಗಾಡಿಯವರು, ಹಳೆ ಕಬ್ಬಿಣ ಕೊಳ್ಳುವವರು, ಹೊಸ ಅಂಗಡಿ ತೆರೆಯುವವರು ಆಟೊಗೆ ಮೈಕು ಕಟ್ಟಿ ಬೀದಿ ಬೀದಿಯಲ್ಲಿ ಕೂಗಿಸುವ ಪ್ರಚಾರದ ಮಾತನ್ನು ಅಲ್ಲಿ ರೆಕಾರ್ಡ್ ಮಾಡುತ್ತೇವೆ. ಮಾತಾಡುವವರು ನಡುನಡುವೆ ಉಸಿರು ಎಳೆದುಕೊಳ್ಳುತ್ತಾರೆ. ಮೈಕಿನಲ್ಲಿ ಅದು ದೊಡ್ಡದಾಗಿ ಕೇಳುತ್ತದೆ. ಕಂಪ್ಯೂಟರಿನಲ್ಲಿ ಅದನ್ನು ಒಂದೊಂದಾಗಿ ಹುಡುಕಿ ತೆಗೆಯುವವಳು ನಾನು. ಏಳು ವರ್ಷ ಇದನ್ನೇ ಮಾಡಿ, ಬೀಡಿ ಸೇದುವವರ ಉಸಿರು ಯಾವುದು, ಮೆಟ್ಟಿಲು ಹತ್ತಿ ಬಂದವರದು ಯಾವುದು, ಹೆದರಿದವರದು ಯಾವುದು ಎಂದು ಕಣ್ಣು ಮುಚ್ಚಿ ಹೇಳಬಲ್ಲೆ.

ಇದನ್ನು ಮೊದಲೇ ಹೇಳುವುದಕ್ಕೆ ಕಾರಣವಿದೆ. ನಾವು ಮೂವರು ಹುಡುಗಿಯರು ಕಟ್ಟಿಕೊಂಡ ಬ್ಯಾಂಡಿಗೆ ಹೆಸರು ತಂದದ್ದು ಒಂದು ಉಸಿರಿನ ಸದ್ದು. ಹಳೆಯ ಕಾಲದ ರೇಡಿಯೊ ಕೇಳಿದ ಹಾಗಿದೆ ಎಂದು ಜನ ಮೆಚ್ಚಿದ ಆ ಸದ್ದು, ನಮ್ಮ ಮುಖ್ಯ ಗಾಯಕಿಯ ಮೂಗಿನ ನಡುಗೋಡೆಯಲ್ಲಿ ಬಿದ್ದಿದ್ದ ತೂತಿನಿಂದ ಬರುತ್ತಿತ್ತು. ಅದು ಕಾಯಿಲೆಯೆಂದು ಆಗ ನನಗೆ ಗೊತ್ತಿರಲಿಲ್ಲ ಎಂದು ಕೇಳಿದವರಿಗೆಲ್ಲ ಹೇಳಿದ್ದೇನೆ. ಅದು ಪೂರ್ತಿ ನಿಜವಲ್ಲ. ಆದ್ದರಿಂದ ನಡೆದದ್ದನ್ನು ನಡೆದ ಕ್ರಮದಲ್ಲೇ ಬರೆಯುತ್ತೇನೆ.

ನಮಗೆ ಪರಿಚಯವಾದದ್ದು ಒಂದು ಆರ್ಕೆಸ್ಟ್ರಾದಲ್ಲಿ. ಮಾಗಡಿ ರಸ್ತೆಯ ಛತ್ರಗಳ ಆರತಕ್ಷತೆ, ಗಣೇಶನ ಪೆಂಡಾಲು, ರಾಜ್ಯೋತ್ಸವದ ವೇದಿಕೆ, ಇಂಥ ಕಡೆ ಹಿಂದಿನ ಸಾಲಿನಲ್ಲಿ ನಿಂತು ರಾಗ ಎಳೆಯುವ ಕೋರಸ್ಸಿನವರು ನಾವು. ಮುಂದಿನ ಮೈಕು ನಮಗೆ ಸಿಗುತ್ತಿರಲಿಲ್ಲ. ಒಬ್ಬಳು ಬಸವೇಶ್ವರನಗರದವಳು. ಮನೆಯಲ್ಲಿ ಮಕ್ಕಳಿಗೆ ಕೀಬೋರ್ಡ್ ಹೇಳಿಕೊಡುತ್ತಾಳೆ, ನಾಲಿಗೆ ಬಲು ಚುರುಕು. ಇನ್ನೊಬ್ಬಳು ಗದಗದ ಕಡೆಯವಳು. ಕಾಮಾಕ್ಷಿಪಾಳ್ಯದ ಒಂದು ಪ್ಲೇಟಿಂಗ್ ಶೆಡ್ಡಿನಲ್ಲಿ ಕೆಲಸಕ್ಕಿದ್ದಳು. ನಲ್ಲಿಗಳಿಗೆ, ಬೈಕಿನ ಬಿಡಿಭಾಗಗಳಿಗೆ ಅಲ್ಲಿ ಕ್ರೋಮಿನ ಹೊಳಪು ಕೊಡುತ್ತಾರೆ. ನಲ್ಲಿಗಳನ್ನು ಕೊಕ್ಕೆಗೆ ಸಾಲಾಗಿ ತೂಗುಹಾಕಿ, ಕಿತ್ತಳೆ ಬಣ್ಣದ ಬಿಸಿ ದ್ರಾವಣ ತುಂಬಿದ ತೊಟ್ಟಿಗೆ ಇಳಿಸುವುದು, ಹೊತ್ತು ನೋಡಿ ಎತ್ತುವುದು ಅವಳ ಕೆಲಸ. ಮೂವರಲ್ಲಿ ನಿಜವಾದ ಕಂಠ ಇದ್ದದ್ದು ಅವಳಿಗೊಬ್ಬಳಿಗೆ. ನನ್ನದು ಎರಡನೆಯ ದನಿ, ಮೊದಲ ದನಿಗೆ ಒರಗಿಕೊಂಡು ನಿಲ್ಲುವಂಥದ್ದು.

ಆರ್ಕೆಸ್ಟ್ರಾ ಬಿಟ್ಟು ನಮ್ಮದೇ ಹಾಡು ಮಾಡುವುದೆಂದು ತೀರ್ಮಾನಿಸಿದೆವು. ಮಾತು ಈಗಿನದು, ಧಾಟಿ ಅಜ್ಜಿಯರ ಕಾಲದ್ದು. ಮೂರು ಹೆಣ್ಣು ದನಿ, ಚಪ್ಪಾಳೆ, ಆರ್ಗನ್ನಿನ ಹಾಗೆ ನುಡಿಯುವ ಕೀಬೋರ್ಡು. ಪಫ್ ತೋಳಿನ ರವಿಕೆ ಹೊಲಿಸಿದೆವು, ಒಂದೇ ಥರದ ಚುಕ್ಕಿ ಸೀರೆ ಉಟ್ಟೆವು. ಬಟ್ಟೆ ಹಳೆಯ ಕಾಲಕ್ಕೆ ಹೋಯಿತು, ಸದ್ದು ಹೋಗಲಿಲ್ಲ. ನಾನು ದನಿಯನ್ನು ತೆಳುವಾಗಿಸಿ ನೋಡಿದೆ, ಗ್ರಾಮಫೋನಿನ ಮುಳ್ಳಿನ ಪಟಪಟ ಸದ್ದನ್ನು ಎಲ್ಲಿಂದಲೋ ತಂದು ಹಾಡಿನ ಕೆಳಗೆ ಹಾಸಿದೆ.

ಕೀಬೋರ್ಡಿನವಳು ಹೆಡ್‌ಫೋನ್ ತೆಗೆದಿಟ್ಟಳು. "ಇದು ರೆಟ್ರೊ ಅಲ್ಲ ಕಣೇ, ಉಪ್ಪಿಟ್ಟು. ಸಾಸಿವೆ ಸಿಡಿದಂಗಿದೆ."

"ಹಂಗಾದ್ರ ಒಂದ್ ತಾಟು ಹಾಕಿ ಕೊಡು. ಹಸಿವಾಗೇತಿ," ಎಂದಳು ಗದಗದವಳು.

ಅವಳ ಶಿಫ್ಟು ಬೆಳಿಗ್ಗೆ ಏಳಕ್ಕೆ ಶುರುವಾಗಿ ಮೂರೂವರೆಗೆ ಮುಗಿಯುತ್ತಿತ್ತು. ಅದುವರೆಗೆ ನಾವು ಭಾನುವಾರ ಮಾತ್ರ ರೆಕಾರ್ಡ್ ಮಾಡುತ್ತಿದ್ದೆವು. ಒಂದು ಮಂಗಳವಾರ ಸ್ಟುಡಿಯೊ ಖಾಲಿ ಇತ್ತೆಂದು ಅವಳನ್ನು ಕೆಲಸದಿಂದ ನೇರ ಬರಹೇಳಿದೆ. ಬಂದಳು, ನೀರು ಕುಡಿದಳು, ಮೈಕಿನ ಮುಂದೆ ನಿಂತಳು. ಉಸಿರಿನ ಗಾಳಿ ನೇರ ಬಡಿಯದಿರಲೆಂದು ನಾವು ಮೈಕಿನ ಮುಂದೆ ಕಸೂತಿಯ ಬಳೆಗೆ ಬಿಗಿದ ಬಿಳಿ ಬಟ್ಟೆಯನ್ನು ಇಡುತ್ತೇವೆ. ಅವಳ ಮುಖ ಅದಕ್ಕೆ ಒಂದು ಗೇಣು ದೂರದಲ್ಲಿತ್ತು. ತಾರಸಿಯ ಮೇಲೆ ಒಣಹಾಕಿದ ಬಟ್ಟೆಯ ಬಗ್ಗೆ ಅವಳೇ ಕಟ್ಟಿದ ಹಾಡು. ಎರಡನೆಯ ಸಾಲು ಮುಗಿದು ಮೂರನೆಯದಕ್ಕೆ ಉಸಿರು ಎಳೆದುಕೊಂಡಾಗ ಅದರ ಜೊತೆಗೆ ಒಂದು ಸಣ್ಣ ಸೀಟಿ ಬಂತು. ತೆಳು, ಎತ್ತರ, ಒಂದೇ ಸಮ. ಹಳೆಯ ರೇಡಿಯೊದಲ್ಲಿ ಒಂದು ಸ್ಟೇಷನ್ನಿನಿಂದ ಇನ್ನೊಂದಕ್ಕೆ ಮುಳ್ಳು ತಿರುಗಿಸುವಾಗ ನಡುವೆ ಸಿಗುತ್ತದಲ್ಲ, ಹಾಗೆ.

ನನ್ನ ಬೆರಳು ಅಭ್ಯಾಸಬಲದಿಂದ ಕತ್ತರಿಸುವ ಕೀ ಮೇಲೆ ಹೋಯಿತು. ಒತ್ತಲಿಲ್ಲ. ಬದಲಿಗೆ ಆ ಸದ್ದನ್ನು ಎತ್ತರಿಸಿದೆ.

"ಅದೇನೇ ಅದು?" ಎಂದು ಕೀಬೋರ್ಡಿನವಳು ಬಾಗಿ ನೋಡಿದಳು.

"ಅವಳ ಉಸಿರು."

"ಮೂಗಲ್ಲಿ ವಿಷಲ್ ಹೊಡೀತೀಯೇನೇ ನೀನು?"

"ಒಂದ್ ತಿಂಗಳಾತು," ಎಂದಳು ಅವಳು. "ಮಲಗಿದಾಗ ಬಾಳ. ರೂಮಿನ್ಯಾಗಿನ ಹುಡಿಗ್ಯಾರು ನಂಗ ಕುಕ್ಕರ್ ಅಂತ ಹೆಸರಿಟ್ಟಾರ. ಮೂರನೇ ಸೀಟಿಗೆ ಆಫ್ ಮಾಡ್ತೀವಿ ಅಂತಾರ."

ಮೂವರೂ ನಕ್ಕೆವು. ಎಷ್ಟು ಹೊತ್ತು ನಕ್ಕೆವೆಂದರೆ ಮತ್ತೆ ಹಾಡಲು ಅವಳಿಗೆ ಸ್ವಲ್ಪ ಸಮಯ ಹಿಡಿಯಿತು. ಕೀಬೋರ್ಡಿನವಳು ಆ ಸೀಟಿಯ ಸ್ವರ ಯಾವುದೆಂದು ಹುಡುಕಿ, ಆರ್ಗನ್ನನ್ನು ಅದಕ್ಕೇ ಶ್ರುತಿ ಮಾಡಿದಳು. ಹಾಡು ಆ ಉಸಿರಿನಿಂದ ಶುರುವಾಗಿ ಆ ಉಸಿರಿನಲ್ಲಿ ಮುಗಿಯುವಂತೆ ಮಾಡಿದೆವು. ಮುಗಿದ ಮೇಲೆ ಕೇಳಿದರೆ ನಮ್ಮದೇ ಹಾಡು ನಾವು ಹುಟ್ಟುವ ಮೊದಲೇ ಇದ್ದಂತೆ ಅನಿಸಿತು. ನಾವು ಹುಡುಕುತ್ತಿದ್ದುದು ಸಿಕ್ಕಿತ್ತು.

ಆಮೇಲಿನದು ಬೇಗ ಬೇಗ ನಡೆಯಿತು. ಆ ಹಾಡಿನ ತುಣುಕನ್ನು ಜನ ತಮ್ಮ ವಿಡಿಯೊಗಳಿಗೆ ಹಾಕಿಕೊಂಡರು. ನಾವು ಇನ್ನೂ ನಾಲ್ಕು ಹಾಡು ಮಾಡಿದೆವು, ಪ್ರತಿಯೊಂದರಲ್ಲೂ ಸೀಟಿ ಇತ್ತು. ಯಾವ ಸಾಫ್ಟ್‌ವೇರ್ ಮೇಡಂ ಅದು ಎಂದು ಗುರುತಿಲ್ಲದ ಹುಡುಗರು ಕೇಳಿ ಬರೆಯುತ್ತಿದ್ದರು. ಅಪಾರ್ಟ್‌ಮೆಂಟಿನ ಹಬ್ಬಗಳಿಗೆ, ಕಾಲೇಜಿಗೆ, ಮದುವೆಗೆ, ಟಿಕೆಟ್ ಇಟ್ಟ ಕಾರ್ಯಕ್ರಮಗಳಿಗೆ ಕರೆ ಬಂತು. ವೇದಿಕೆಯ ಮೇಲೆ ಅವಳು ಉಸಿರು ಎಳೆದುಕೊಂಡರೆ ಸಾಕು, ಕೆಳಗಿದ್ದವರು ಅದೇ ಥರ ತೆಳುವಾಗಿ ಶಿಳ್ಳೆ ಹಾಕಿ ಉತ್ತರ ಕೊಡುತ್ತಿದ್ದರು. ಅವಳಿಗೆ ಅದು ಇಷ್ಟವಾಗಿತ್ತು. ಅವಳ ಮುಖದಲ್ಲಿ ಅದು ಕಾಣುತ್ತಿತ್ತು, ಇದನ್ನೂ ಬರೆಯಲೇಬೇಕು.

ಈಗ ನನಗೆ ಗೊತ್ತಿದ್ದ ಸಂಗತಿಗಳು.

ಪ್ರತಿ ರೆಕಾರ್ಡಿಂಗ್ ಆದ ಮೇಲೆ ನೋಟ್‌ಬುಕ್ಕಿನಲ್ಲಿ ಎರಡು ಸಾಲು ಬರೆದಿಡುವುದು ನನ್ನ ರೂಢಿ. "ಮಂಗಳವಾರ, ಸೀಟಿ ಸ್ಪಷ್ಟ." "ಗುರುವಾರ, ಸ್ಪಷ್ಟ." "ಭಾನುವಾರ, ಇಲ್ಲವೆನ್ನುವಷ್ಟು." ಇಂಥ ಸಾಲುಗಳು ಒಂದೂವರೆ ವರ್ಷದ್ದಿವೆ. ಕೆಲಸ ಮಾಡಿದ ದಿನ ಸೀಟಿ ಬರುತ್ತದೆ, ರಜೆಯ ದಿನ ಬರುವುದಿಲ್ಲ ಎಂಬುದು ಮೂರನೆಯ ತಿಂಗಳಲ್ಲೇ ಅದರಲ್ಲಿತ್ತು. ಅದನ್ನು ನೋಡಿ ನಾನು ಮಾಡಿದ್ದು ಭಾನುವಾರದ ರೆಕಾರ್ಡಿಂಗ್ ನಿಲ್ಲಿಸಿದ್ದು.

ಮೈಕಿನ ಮುಂದಿನ ಬಿಳಿ ಬಟ್ಟೆಯ ಮೇಲೆ ಕಂದು ಚುಕ್ಕೆಗಳು ಕಾಣತೊಡಗಿದ್ದವು. ಮೆಣಸಿನ ಪುಡಿ ಉದುರಿದ ಹಾಗೆ. ಎರಡು ಸಲ ಸೋಪು ಹಾಕಿ ತೊಳೆದೆ. ಮೂರನೆಯ ಸಲ ಬಟ್ಟೆಯನ್ನೇ ಬದಲಾಯಿಸಿ ಮೆರೂನ್ ಬಣ್ಣದ್ದು ಹಾಕಿದೆ.

ಕೆಳಗಿನ ಬೇಕರಿಯಲ್ಲಿ ಸಂಜೆಯ ಬನ್ನು ಬೆಂದಾಗ ಮೂರು ಮಹಡಿಗೂ ವಾಸನೆ ಬರುತ್ತದೆ. ಅವಳಿಗೆ ಬರುತ್ತಿರಲಿಲ್ಲ. ಒಮ್ಮೆ ಟ್ರೇ ಸೀದು ಹೊಗೆ ಮೇಲೆ ಬಂದು ನಾವಿಬ್ಬರೂ ಎದ್ದು ಕಿಟಕಿ ತೆರೆದಾಗ ಅವಳು, "ಏನಾತು?" ಎಂದು ಕೇಳಿದ್ದಳು.

"ಡಾಕ್ಟರ್‌ಗೆ ತೋರಿಸ್ಬೇಕೇನೇ?" ಎಂದು ಒಂದು ಸಲ ಕೇಳಿದೆ. ಬೇಡ ಎನ್ನುವುದಕ್ಕೆ ದಾರಿ ಮಾಡಿಕೊಡುವ ದನಿಯಲ್ಲಿ ಕೇಳಿದೆ.

"ಮೂಗು ಒಣಗ್ತೈತಿ, ಅಷ್ಟ. ಕೊಬ್ರಿ ಎಣ್ಣಿ ಹಚ್ಚಿದ್ರ ಆರಾಮ ಅನಸ್ತೈತಿ."

ಎಣ್ಣೆ ಹಚ್ಚಿಕೊಂಡು ಬಂದ ದಿನ ಸೀಟಿ ಮಂಕಾಗುತ್ತಿತ್ತು. ಅದೂ ನೋಟ್‌ಬುಕ್ಕಿನಲ್ಲಿತ್ತು. "ಸರಿ. ರೆಕಾರ್ಡಿಂಗ್ ದಿನ ಹಚ್ಕೋಬೇಡ," ಎಂದೆ. ಅವಳು ಆಗಲಿ ಎಂದು ತಲೆಯಾಡಿಸಿದಳು. ಮತ್ತೆಂದೂ ರೆಕಾರ್ಡಿಂಗಿಗೆ ಹಚ್ಚಿಕೊಂಡು ಬರಲಿಲ್ಲ.

ಕಳೆದ ರಾಜ್ಯೋತ್ಸವಕ್ಕೆ ಕೆಂಗೇರಿ ಉಪನಗರದಲ್ಲಿ ನಮ್ಮದೊಂದು ಕಾರ್ಯಕ್ರಮ ಗೊತ್ತಾಗಿತ್ತು. ಅದುವರೆಗಿನದರಲ್ಲಿ ದೊಡ್ಡದು. ಇನ್ನೂ ಎರಡು ವಾರ ಇದೆ ಅನ್ನುವಾಗ ಸೀಟಿ ನಿಂತುಹೋಯಿತು. ಗುರುವಾರ ಶಿಫ್ಟು ಮುಗಿಸಿ ಬಂದು ಅವಳು ಹಾಡಿದಳು. ಉಸಿರು ಎಳೆದುಕೊಂಡಾಗ ಬರೀ ಗಾಳಿಯ ಸದ್ದು, ಅಗಲವಾಗಿ. ಮತ್ತೆ ಹಾಡಿಸಿದೆ. ಮೈಕನ್ನು ಇನ್ನೂ ಹತ್ತಿರ ತಂದೆ. ಇಲ್ಲ.

"ವಾಸಿ ಆಗ್ಬಿಡ್ತೇನೋ," ಎಂದಳು ಕೀಬೋರ್ಡಿನವಳು. ಬೇಸರದಿಂದಲೇ ಅಂದಳು. ನನಗೂ ಬೇಸರವಾಯಿತು. ಗೆಳತಿಯ ಮೂಗು ವಾಸಿಯಾಯಿತೆಂದು ಇಬ್ಬರು ಸಪ್ಪೆ ಮುಖ ಮಾಡಿ ಕೂತಿದ್ದೆವು. ಮೂರನೆಯವಳೂ ತಪ್ಪು ಮಾಡಿದವಳ ಹಾಗೆ ಕೂತಿದ್ದಳು.

ಆಗ ಹೇಳಿದ ಮಾತು ನನ್ನದು. ಬೇರೆ ಯಾರದೂ ಅಲ್ಲ. "ಈ ಭಾನುವಾರ ರಜೆ ತಗೋಬೇಡ ಕಣೇ. ಓಟಿ ಮಾಡು, ಬರುತ್ತೇನೋ ನೋಡೋಣ."

ಅವಳು ರಜೆಯಿಲ್ಲದೆ ಹನ್ನೆರಡು ದಿನ ತೊಟ್ಟಿಯ ಮುಂದೆ ನಿಂತಳು. ಸೀಟಿ ಬರಲಿಲ್ಲ.

ಕಾರ್ಯಕ್ರಮದ ದಿನ ಮಧ್ಯಾಹ್ನ ಮೂರಕ್ಕೆ ವೇದಿಕೆಯ ಮೇಲೆ ಮೈಕು ಪರೀಕ್ಷೆ ನಡೆದಿತ್ತು. ಆಯೋಜಕರಲ್ಲೊಬ್ಬರು, ಬಿಳಿ ಅಂಗಿಯವರು, ಕೆಳಗೆ ಕುರ್ಚಿಯಲ್ಲಿ ಕೂತು ನೋಡುತ್ತಿದ್ದರು.

"ಮೇಡಂ, ಆ ಸೀಟಿ ಇಲ್ವಲ್ಲ. ನಮ್ಮ ಹುಡುಗ್ರು ಅದಕ್ಕೇ ಕಾಯ್ತಿದಾರೆ."

"ಸಂಜೆ ಬರುತ್ತೆ ಸಾರ್," ಎಂದಳು ಕೀಬೋರ್ಡಿನವಳು. "ಅದಕ್ಕೆ ಜನ ಬೇಕು."

ಅವರು ನಕ್ಕರು. ಗದಗದವಳು ಜೋರಾಗಿ ಮೂಗಿನಿಂದ ಉಸಿರು ಎಳೆದು ನೋಡಿದಳು, ಮತ್ತೊಮ್ಮೆ ಎಳೆದಳು. ಮೂರನೆಯ ಸಲಕ್ಕೆ ಮೂಗಿನಿಂದ ರಕ್ತ ಸುರಿಯಿತು. ಮೈಕಿನ ತಲೆಯ ಮೇಲೆ, ಚುಕ್ಕಿ ಸೀರೆಯ ಮೇಲೆ ಬಿತ್ತು. ಅವಳು ಮೊದಲು ಮೈಕನ್ನು ಸೆರಗಿನಿಂದ ಒರೆಸಿದಳು. ಆಮೇಲೆ ಮೂಗು ಹಿಡಿದುಕೊಂಡಳು.

ಅರ್ಧ ಗಂಟೆಯಲ್ಲಿ ರಕ್ತ ನಿಂತಿತು. ಮನೆಗೆ ಹೋಗೋಣ ಎಂದು ನಾನು ಅನ್ನಲಿಲ್ಲ. ಅವಳು ಎರಡೂ ಹೊಳ್ಳೆಗೆ ಹತ್ತಿ ಇಟ್ಟುಕೊಂಡು, ಬಾಯಿಂದ ಉಸಿರಾಡುತ್ತ ಏಳು ಹಾಡು ಹಾಡಿದಳು. ಸೀಟಿ ಬರಬೇಕಾದ ಕಡೆಯಲ್ಲೆಲ್ಲ ನಾನು ಲ್ಯಾಪ್‌ಟಾಪಿನಿಂದ ಮೊದಲನೆಯ ರೆಕಾರ್ಡಿಂಗಿನ ಸೀಟಿಯನ್ನು ಬಿಟ್ಟೆ. ಅವಳಿಗೆ ಮೊದಲೇ ಹೇಳಿರಲಿಲ್ಲ. ಮೊದಲ ಸಲ ಅದು ಸ್ಪೀಕರಿನಿಂದ ಬಂದಾಗ ಅವಳು ತಿರುಗಿ ನನ್ನನ್ನು ನೋಡಿದಳು. ಜನ ಶಿಳ್ಳೆ ಹಾಕಿದರು. ಅವಳು ಮುಂದಕ್ಕೆ ತಿರುಗಿ ಮೂರನೆಯ ಸಾಲು ಎತ್ತಿಕೊಂಡಳು.

ಮರುದಿನ ರಾಜಾಜಿನಗರದ ಒಬ್ಬ ಡಾಕ್ಟರಿಗೆ ತೋರಿಸಿದೆವು. ಕಿವಿ ಮೂಗು ಗಂಟಲಿನವರು, ಐವತ್ತರ ಹೆಂಗಸು. ಕಡಿಮೆ ಮಾತು. ಎಡ ಹೊಳ್ಳೆಗೆ ಸಣ್ಣ ಬೆಳಕು ಹಿಡಿದು, ಬಲ ಹೊಳ್ಳೆಯಲ್ಲಿ ಬಾಗಿ ನೋಡಿದರು. ನನ್ನನ್ನೂ ಕರೆದು ತೋರಿಸಿದರು. ಎಡಕ್ಕೆ ಹಿಡಿದ ಬೆಳಕು ಬಲಗಡೆ ಕಾಣುತ್ತಿತ್ತು. ನಡುವೆ ಗೋಡೆ ಇರಬೇಕಾದ ಜಾಗದಲ್ಲಿ, ಅಂಚು ಕಪ್ಪಾದ ಒಂದು ಕಿಂಡಿ.

"ಏನ್ ಕೆಲಸಮ್ಮ?"

ಅವಳು ಹೇಳಿದಳು. ಡಾಕ್ಟರು ಅವಳ ಕೈ ಹಿಡಿದು ತಿರುಗಿಸಿ, ಬೆರಳ ಸಂದಿನ ಸಣ್ಣ ಗುಳಿಬಿದ್ದ ಗಾಯಗಳನ್ನು ನೋಡಿದರು. "ಆ ತೊಟ್ಟಿ ಆವಿ. ಸೀಟಿ ಥರ ಸದ್ದು ಬರ್ತಿತ್ತಾ?"

"ಬರ್ತಿತ್ರಿ. ಒಂದೂವರಿ ವರ್ಷ. ಈಗ ನಿಂತೈತ್ರಿ. ಆರಾಮ ಆಗೇತಿ ಅಂತ ತಿಳ್ಕೊಂಡಿದ್ವಿ."

"ಆರಾಮಾಗಿ ನಿಂತಿದ್ದಲ್ಲ." ಡಾಕ್ಟರು ಚೀಟಿಯ ಮೇಲೆ ಎರಡು ಸೊನ್ನೆ ಬರೆದರು, ಒಂದು ಚಿಕ್ಕದು, ಒಂದು ದೊಡ್ಡದು. "ತೂತು ಸಣ್ಣದಿದ್ದಾಗ ಗಾಳಿ ಇರುಕಿ ಸದ್ದು ಬರುತ್ತೆ. ದೊಡ್ಡದಾದ್ಮೇಲೆ ಇರುಕಲ್ಲ, ಸದ್ದೂ ಇರಲ್ಲ. ಸೀಟಿ ಶುರುವಾದಾಗ್ಲೇ ಬಂದಿದ್ರೆ ಅಲ್ಲಿಗೇ ನಿಲ್ಲಿಸಬಹುದಿತ್ತು." ಆಮೇಲೆ ನನ್ನ ಕಡೆ ನೋಡಿದರು. "ಜೊತೇಲಿರೋರ್ಗೆ ಗೊತ್ತಾಗ್ಲಿಲ್ವಾ?"

ಅವಳು ಹೇಳಿದಳು: "ಎಲ್ಲಾರಿಗೂ ಗೊತ್ತಿತ್ರಿ. ಅದಕ್ಕ ಟಿಕೆಟ್ ತಗೊಂಡು ಬರ್ತಿದ್ರು."

ಡಾಕ್ಟರಿಗೆ ಅದು ಅರ್ಥವಾಗಲಿಲ್ಲ. ಮುಲಾಮು, ಉಪ್ಪುನೀರು ಬರೆದುಕೊಟ್ಟರು. ತೂತು ತಾನಾಗಿ ಮುಚ್ಚುವುದಿಲ್ಲ, ಆವಿಯಿಂದ ದೂರ ಇದ್ದರೆ ಬೆಳೆಯದೆ ನಿಲ್ಲಬಹುದು, ಇರದಿದ್ದರೆ ಮೂಗಿನ ಮೇಲ್ಭಾಗವೇ ಕುಸಿಯಬಹುದು, ಗಂಟಲಿಗೂ ತೊಂದರೆ ಎಂದರು. ಆ ಶೆಡ್ಡನ್ನು ಬಿಡಬೇಕು. ಇದನ್ನು ಎರಡು ಸಲ ಹೇಳಿದರು.

ವಾಪಸು ಬರುವಾಗ ಆಟೊದಲ್ಲಿ ನಾನು ಅತ್ತೆ. ಅವಳು ಅಳಲಿಲ್ಲ. ನವರಂಗದ ಸಿಗ್ನಲ್ಲಿನಲ್ಲಿ ನಿಂತಾಗ ಅಂದಳು: "ನಿನ್ ಲ್ಯಾಪ್‌ಟಾಪಿನ್ಯಾಗ ಇನ್ನೂ ಸಣ್ಣ ತೂತ ಐತಿ ನೋಡು." ಸಿಗ್ನಲ್ ಬಿಟ್ಟ ಮೇಲೆ, "ಅದನ್ನ ಇನ್ನ ಮ್ಯಾಲೆ ಹಾಕಬ್ಯಾಡ," ಎಂದಳು.

ಹಾಕಲಿಲ್ಲ. ಸೀಟಿ ಇಲ್ಲದಿದ್ದರೆ ಬೇರೆ ತಂಡ ನೋಡಿಕೊಳ್ಳುತ್ತೇವೆ ಎಂದು ಒಬ್ಬ ಆಯೋಜಕರು ಹೇಳಿದರು. ಇನ್ನಿಬ್ಬರು ಹೇಳಲೂ ಇಲ್ಲ, ಫೋನ್ ಎತ್ತುವುದು ನಿಲ್ಲಿಸಿದರು. ಒಂದು ತಿಂಗಳಲ್ಲಿ ನಮ್ಮ ಕೈಯಲ್ಲಿ ಒಂದು ನಾಮಕರಣ ಮಾತ್ರ ಉಳಿದಿತ್ತು. ಅವಳು ತೊಟ್ಟಿಗೆ ಹೋಗುತ್ತಲೇ ಇದ್ದಳು.

ನಾನು ಬಿಡದೆ ಹೇಳಿದ್ದಕ್ಕೆ ಒಂದು ಸೋಮವಾರ, ಕೆಲಸ ಬಿಡುತ್ತೇನೆಂದು ಯಜಮಾನರಿಗೆ ಹೇಳಲು ಒಪ್ಪಿದಳು. ಜೊತೆಗೆ ಬಾ ಎಂದಳು. ಅಷ್ಟು ದಿನದಲ್ಲಿ ನಾನು ಆ ಶೆಡ್ಡಿನೊಳಗೆ ಕಾಲಿಟ್ಟದ್ದು ಅದೇ ಮೊದಲು. ಸಿಮೆಂಟು ಶೀಟಿನ ಮಾಡು, ಗೋಡೆಯಲ್ಲಿ ಒಂದೇ ಫ್ಯಾನು, ಸಾಲಾಗಿ ಆರು ತೊಟ್ಟಿ. ಅವಳು ಕೆಲಸ ಮಾಡುತ್ತಿದ್ದ ಕೊನೆಯ ತೊಟ್ಟಿಯ ಮೇಲೆ ಹಳದಿ ಮಂಜು ಕೂತಿತ್ತು. ಎರಡು ನಿಮಿಷಕ್ಕೆ ನನ್ನ ಗಂಟಲು ಉರಿಯತೊಡಗಿತು. ಅವಳು ಯಜಮಾನರ ಕೋಣೆಗೆ ಹೋದಳು. ಅಷ್ಟರಲ್ಲಿ ಟೀ ಬಂತು, ಮೋಟರು ನಿಲ್ಲಿಸಿದರು, ಕೆಲಸದವರು ಗೋಡೆಗೆ ಒರಗಿ ಕೂತರು.

ಆ ನಿಶ್ಶಬ್ದದಲ್ಲಿ ಎರಡು ಕಡೆಯಿಂದ ಸೀಟಿ ಕೇಳಿಸಿತು. ಒಂದು ಸ್ವಲ್ಪ ಎತ್ತರ, ಒಂದು ಸ್ವಲ್ಪ ತಗ್ಗು. ಟೀ ಗುಟುಕಿನ ನಡುವೆ ಇಬ್ಬರು ಉಸಿರಾಡುತ್ತಿದ್ದರು.

ನನ್ನ ಪಕ್ಕದಲ್ಲಿ ಕೂತಿದ್ದ ವಯಸ್ಸಾದವರು ನನ್ನ ಮುಖ ನೋಡಿ ಅಂದರು: "ಹೊಸಬ್ರು ಮೇಡಂ. ನಮ್ದೆಲ್ಲ ನಿಂತು ಎಷ್ಟೋ ವರ್ಷ ಆಯ್ತು. ವಿಷಲ್ ಬಂತು ಅಂದ್ರೆ ಪರ್ಮನೆಂಟ್ ಆದ ಅಂತ ಇಲ್ಲಿ ಲೆಕ್ಕ. ಬಂದ ದಿನ ಅವ್ರು ಎಲ್ರಿಗೂ ವಡೆ ಕೊಡಿಸ್ಬೇಕು."

"ಅವಳೂ ಕೊಡಿಸಿದ್ಲಾ?"

"ಕೊಡಿಸ್ದೆ ಬಿಡ್ತೀವಾ? ಮದ್ದೂರು ವಡೆ." ಅವರು ಲೋಟ ಕೆಳಗಿಟ್ಟರು. "ಪೇಪರ್ ಮೇಲೆ ಯಾರೂ ಪರ್ಮನೆಂಟ್ ಅಲ್ಲ ಬಿಡಿ."

ಅವಳು ಹೊರಗೆ ಬಂದಳು. ಮುಖ ಹಗುರವಾಗಿತ್ತು. "ಪ್ಯಾಕಿಂಗಿಗೆ ಹಾಕ್ತಾರಂತ. ತೊಟ್ಟಿ ಕೆಲಸ ಇಲ್ಲ ಇನ್ನ. ಕುಂತ್ಕೊಂಡು ಮಾಡೂದು."

ಪ್ಯಾಕಿಂಗ್ ಮೇಜು ಅದೇ ಶೆಡ್ಡಿನಲ್ಲಿತ್ತು. ನಾನು ಅಲ್ಲಿಂದ ಕೊನೆಯ ತೊಟ್ಟಿಯವರೆಗೆ ನಡೆದು ನೋಡಿದೆ. ಹನ್ನೊಂದು ಹೆಜ್ಜೆ.

"ಬಿಟ್ಬಿಡ್ತೀನಿ ಅಂದಿದ್ದೆ ನೀನು," ಎಂದೆ. "ಪೂರ್ತಿ ಬಿಡು ಕಣೇ. ಇದೇ ಗಾಳಿ ಅಲ್ವಾ."

ಅವಳು ಕೋಪಿಸಿಕೊಳ್ಳಲಿಲ್ಲ. "ಸೀಟಿ ಇದ್ದಾಗ ಬಿಡಬಹುದಿತ್ತು. ವಾರಾ ವಾರಾ ಪ್ರೋಗ್ರಾಮ್ ಇದ್ವು. ಆವಾಗ ನೀವ್ಯಾರೂ ಬಿಡು ಅನ್ಲಿಲ್ಲ. ಈಗ ಬಿಟ್ಟು ಎಲ್ಲಿಗೆ ಹೋಗ್ಲಿ ಹೇಳು."

ಬಿಟ್ಟಿದ್ದರೆ ಸೀಟಿ ಹೋಗುತ್ತಿತ್ತು. ಅದಕ್ಕೇ ನಾವು ಅನ್ನಲಿಲ್ಲ.

ಮೇಜನ್ನಾದರೂ ಬಾಗಿಲ ಹತ್ತಿರ ಹಾಕೋಣ ಎಂದೆ. ವಯಸ್ಸಾದವರು ಒಂದು ತುದಿ ಹಿಡಿದರು, ನಾವಿಬ್ಬರೂ ಇನ್ನೊಂದು. ಮೇಲಿದ್ದ ನಲ್ಲಿಗಳು ಗಲಗಲ ಅಂದವು. ಷಟರಿನ ಪಕ್ಕಕ್ಕೆ, ಹೊರಗಿನ ಗಾಳಿ ಬೀಳುವಲ್ಲಿಗೆ ಎಳೆದು ತಂದೆವು. ಮತ್ತೆ ನಡೆದು ನೋಡಿದೆ. ಹತ್ತೊಂಬತ್ತು ಹೆಜ್ಜೆ. ಅವಳು ಸ್ಟೂಲಿನ ಮೇಲೆ ಕೂತು, ಇಲ್ಲಿ ಬಿಸಿಲೂ ಬರುತ್ತದೆ ಎಂದು ಕಾಲು ಚಾಚಿ ತೋರಿಸಿದಳು.

ಮರುದಿನ ಮಧ್ಯಾಹ್ನ ಫೋನ್ ಮಾಡಿದೆ.

"ಮೇಜು ಮದಲಿನ ಜಾಗಕ್ಕ ಹೋತು," ಎಂದಳು. "ಟೆಂಪೊ ಹಿಂದಕ ಬರಾಕ ಜಾಗ ಸಾಲೂದಿಲ್ಲಂತ. ಇರ್ಲಿ ತಗೋ, ಫ್ಯಾನಿನ ಕಡೆ ಮುಖ ಮಾಡಿ ಕುಂತೀನಿ."

ಹಿಂದಿನಿಂದ ಯಾರೋ ಅವಳನ್ನು ಕೂಗಿದರು. ಕೊನೆಯ ತೊಟ್ಟಿಗೆ ಒಬ್ಬರು ಬಂದಿರಲಿಲ್ಲವಂತೆ. ಐದೇ ನಿಮಿಷ, ನಲ್ಲಿ ಎತ್ತಿಕೊಟ್ಟು ಬರುತ್ತೇನೆ ಎಂದು ಹೇಳಿ ಫೋನ್ ಇಟ್ಟಳು.